ಹಚ್ಚಿದಾಗಲೂ ಘಮ್ಮೆನ್ನುವ ಕ್ಯಾಂಡಲ್‌ಗೆ

ನಾನೇ ಮನೆಯಲ್ಲಿ ಮಾಡಿದ ಮೊದಲ ಗ್ಲಾಸ್ ಕ್ಯಾಂಡಲ್‌ನ ಮುಚ್ಚಳ ತೆಗೆದರೆ ಲ್ಯಾವೆಂಡರ್ ಘಮ್ಮಂತಿತ್ತು. ಹಚ್ಚಿದರೆ ಏನೂ ಇಲ್ಲ. ಹತ್ತಿರ ಬಗ್ಗಿ ಮೂಸಿ ಹುಬ್ಬು ಸುಟ್ಟುಕೊಳ್ಳುವುದೊಂದು ಬಾಕಿ! ಸುಗಂಧದ ಎಣ್ಣೆ ಸಾಲದು ಅಂತ ಮುಂದಿನ ಸಲ ಧಾರಾಳವಾಗಿ ಸುರಿದೆ. ಮೇಣದ ಮೇಲೆ ಬೆವರಿನ ಹಾಗೆ ಹನಿ ನಿಂತವು, ಬತ್ತಿ ಚಟಪಟ ಅಂದು ನಂದಿಹೋಯಿತು.

ಅಸಲು ತಪ್ಪು ಬತ್ತಿಯದ್ದು. ಪರಿಮಳ ಏಳುವುದು ಕರಗಿದ ಮೇಣದಿಂದ ಅಲ್ವಾ? ನನ್ನ ಬತ್ತಿ ತೀರಾ ಸಣ್ಣದು. ಮೂರು ಗಂಟೆ ಉರಿದರೂ ನಡುವೆ ಒಂದು ಗುಳಿ ಬಿತ್ತು, ಸುತ್ತ ಮೇಣ ಗಟ್ಟಿಯಾಗಿಯೇ ಉಳಿಯಿತು. ಒಂದು ಸೈಜ್ ದಪ್ಪ ಬತ್ತಿ ಹಾಕಿದೆ, ಕರಗಿದ ಮೇಣ ಗ್ಲಾಸಿನ ಅಂಚು ಮುಟ್ಟಿತು, ಕೋಣೆಯೆಲ್ಲ ವಾಸನೆ. ಹಾಗಂತ ತುಂಬಾ ದಪ್ಪದ್ದೂ ಬೇಡ, ಹೊಗೆ ಬರುತ್ತೆ, ಗ್ಲಾಸ್ ವಿಪರೀತ ಕಾಯುತ್ತೆ. ಸುಮ್ನೆ ಊಹಿಸಬೇಡಿ, ಎರಡು ಮೂರು ಸೈಜ್ ಉರಿಸಿ ನೋಡಿ.

ಎಣ್ಣೆಯನ್ನು ಚಮಚದಲ್ಲಿ ಅಳೆಯದೆ ತೂಕ ಮಾಡಿ. ನಾನು 200 ಗ್ರಾಂ ಸೋಯಾ ಮೇಣಕ್ಕೆ 16 ಗ್ರಾಂ ಹಾಕುತ್ತೇನೆ, ಅಂದರೆ ಶೇ. 8. ನಿಮ್ಮ ಮೇಣ ಎಷ್ಟು ಹಿಡಿಯುತ್ತದೆ ಅಂತ ಪ್ಯಾಕೆಟ್ ಮೇಲೆ ನೋಡಿ, ಅದಕ್ಕಿಂತ ಜಾಸ್ತಿ ಬೇಡ. ಮೇಣ ಸುಮಾರು 85 ಡಿಗ್ರಿ ಸೆಲ್ಸಿಯಸ್ ಇರುವಾಗ ಎಣ್ಣೆ ಹಾಕಿ, ಪೂರ್ತಿ ಎರಡು ನಿಮಿಷ ನಿಧಾನವಾಗಿ ತಿರುಗಿಸಿ.

ಗ್ಲಾಸಿಗೆ ಸುರಿದು ಗಟ್ಟಿಯಾದ ಮೇಲೆ, ಪರಿಮಳ ಮೇಣಕ್ಕೆ ಹಿಡಿಯುವವರೆಗೆ ಕಾಯಬೇಕು. ಸೋಯಾ ಆದರೆ ಎರಡು ವಾರ ಮುಚ್ಚಿಡಿ. ನಾನಂತೂ ಡಬ್ಬಿಗೆ ತಾರೀಖು ಬರೆದು ಕಪಾಟಿನ ಹಿಂದೆ ತಳ್ಳಿಬಿಡುತ್ತೇನೆ, ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರಲ್ಲ.