ಹಳೆಯ ಟೂರಿಂಗ್ ಬೈಕಿನ ಸೀಟನ್ನು ನಾನೇ ಸರಿಪಡಿಸಿದ ಬಗೆ

ಹಳೆಯ ಟೂರಿಂಗ್ ಮೋಟಾರ್‌ಸೈಕಲ್ಲಿನ ಸೀಟು ಕೆಟ್ಟಿದೆ ಎಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಹರಿದ ರೆಕ್ಸಿನ್ನಿನ ಮೇಲೆ. ಬಿರುಕು ಕಾಣುತ್ತದೆ, ಬಿಟ್ಟುಕೊಂಡ ಹೊಲಿಗೆ ಕಾಣುತ್ತದೆ, ಹೊಸ ಕವರ್ ಹಾಕಿಸಿಬಿಟ್ಟರೆ ಕೆಲಸ ಮುಗಿಯಿತೆನ್ನಿಸುತ್ತದೆ. ಆದರೆ ದಿನವಿಡೀ ಕುಳಿತು ನೂರಾರು ಕಿಲೋಮೀಟರ್ ಸಾಗುವವರ ಸೊಂಟ ಮತ್ತು ತೊಡೆಗಳನ್ನು ನೋಯಿಸುವುದು ಅದರ ಕೆಳಗಿರುವ ಫೋಮ್, ಮತ್ತು ಅದಕ್ಕೂ ಕೆಳಗೆ ಎಲ್ಲವನ್ನೂ ಹೊತ್ತಿರುವ ತಳದ ತಟ್ಟೆ. ಆದ್ದರಿಂದ 80ರ ದಶಕದ ನನ್ನ ಬೈಕಿನ ಸೀಟನ್ನು ಕೈಗೆತ್ತಿಕೊಂಡಾಗ ತಳದಿಂದ ಮೇಲಕ್ಕೆ ಕೆಲಸ ಮಾಡಬೇಕೆಂದೂ, ಕವರನ್ನು ಎಲ್ಲಕ್ಕಿಂತ ಕೊನೆಗೆ ಹೊಲಿಯಬೇಕೆಂದೂ ನಿಶ್ಚಯಿಸಿದ್ದೆ.

ಇಡೀ ಸೀಟನ್ನೇ ಬದಲಿಸುವ ದಾರಿಯನ್ನು ಯೋಚಿಸದೆ ಇರಲಿಲ್ಲ. 1975ರ ಮಾದರಿಯಾಗಿ ಬಂದ ಹೋಂಡಾ ಗೋಲ್ಡ್ ವಿಂಗ್‌ನಂತೆ ಬಹಳ ಜನ ಇಂದಿಗೂ ಉಳಿಸಿಕೊಂಡಿರುವ ಬೈಕಾದರೆ ಬೇರೆ ತಯಾರಕರ ಸೀಟುಗಳೂ ಸಿದ್ಧ ಕವರುಗಳೂ ದೊರೆಯಬಹುದು. ಅಷ್ಟು ಹೆಸರಾಗದ ಮಾದರಿಗಳಿಗೆ ಉಳಿಯುವುದು ಬಿಚ್ಚಿಟ್ಟ ಹಳೆಯ ಸೀಟು ಮಾತ್ರ. ಅದರ ಫೋಮಿಗೂ ನಮ್ಮ ಫೋಮಿಗೂ ಒಂದೇ ವಯಸ್ಸು. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಅಷ್ಟೇ ಸವೆದಿರುವ ಇನ್ನೊಂದು ಸೀಟಿಗೆ ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ತಳದ ತಟ್ಟೆ ಮಾತ್ರ ಪೂರ್ತಿ ಮುರಿದುಹೋಗಿದ್ದರೆ ಅಂತಹ ಸೀಟನ್ನು ಕೊಳ್ಳುವುದು ಸರಿಯೇ.

ಬಿಚ್ಚುವ ಮೊದಲು ಸೀಟನ್ನು ಬೈಕಿನಿಂದ ತೆಗೆದು ಕೈಯಲ್ಲಿ ಎತ್ತಿ ನೋಡಬೇಕು. ಅದರ ಗಾತ್ರಕ್ಕೆ ಹೊಂದದಷ್ಟು ಭಾರವಿದ್ದರೆ ಫೋಮ್ ನೀರು ಕುಡಿದಿದೆ ಎಂದರ್ಥ. ಅನಂತರ ಸವಾರ ಕುಳಿತುಕೊಳ್ಳುವ ಜಾಗವನ್ನು ಮುಷ್ಟಿಯಿಂದ ಒತ್ತಿದಾಗ ಗೆಣ್ಣಿಗೆ ತಳ ತಾಗಿದರೆ ಅಲ್ಲಿ ಫೋಮಿನ ಕೆಲಸ ಮುಗಿದಿದೆ. ನನ್ನ ಸೀಟಿನಲ್ಲಿ ಇವೆರಡೂ ಇದ್ದವು. ಹಿಂಬದಿ ಸವಾರರ ಭಾಗ ಮಾತ್ರ ಬಹುತೇಕ ಹೊಸದರಂತೆ ಇದ್ದುದರಿಂದ ಅದನ್ನು ಮುಟ್ಟಲಿಲ್ಲ.

ಹಳೆಯ ಸ್ಟೇಪ್ಲರ್ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಇಕ್ಕಳದಿಂದ ಕೀಳುವುದು ಬೇಸರದ ಕೆಲಸವಾದರೂ ಅವಸರಪಡಬಾರದು, ಏಕೆಂದರೆ ಹಳೆಯ ಕವರೇ ಹೊಸ ಕವರಿಗೆ ಅಳತೆ. ಅದರ ಹೊಲಿಗೆಗಳನ್ನು ಬಿಚ್ಚುವ ಮೊದಲು ಪ್ರತಿಯೊಂದು ತುಂಡಿಗೂ ಸಂಖ್ಯೆ ಹಾಕಿ, ಮುಂಭಾಗ ಯಾವ ಕಡೆಗೆಂದು ಬಾಣದ ಗುರುತು ಬರೆದು, ಎರಡು ತುಂಡುಗಳು ಕೂಡುವ ಕಡೆ ಅಲ್ಲಲ್ಲಿ ಅಡ್ಡ ಗೆರೆ ಎಳೆದಿಟ್ಟುಕೊಂಡೆ. ಬಾಗಿದ ಅಂಚೊಂದನ್ನು ನೇರ ಅಂಚಿಗೆ ಕೂಡಿಸುವಾಗ ಈ ಗೆರೆಗಳಿಲ್ಲದಿದ್ದರೆ ಎಲ್ಲಿ ಯಾವುದು ಸೇರಬೇಕೆಂದು ತಿಳಿಯುವುದೇ ಇಲ್ಲ.

ತಳದ ತಟ್ಟೆ ಕೆಲವು ಬೈಕುಗಳಲ್ಲಿ ಉಕ್ಕಿನ ತಗಡಿನದು, ಕೆಲವುಗಳಲ್ಲಿ ಪ್ಲಾಸ್ಟಿಕ್ಕಿನದು. ಉಕ್ಕಾದರೆ ನೀರು ನಿಂತ ಕಡೆ ತುಕ್ಕು ಹಿಡಿದಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಪ್ರೈಮರ್ ಬಳಿಯಬೇಕು. ನನ್ನದು ಪ್ಲಾಸ್ಟಿಕ್ ತಟ್ಟೆ, ಬೀಗದ ಪಕ್ಕದಲ್ಲಿ ಬಿರುಕು ಬಿಟ್ಟಿತ್ತು. ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲವಾದ್ದರಿಂದ, ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆದು, ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು, ಅಗಲವಾದ ವಾಷರುಗಳೊಡನೆ ರಿವೆಟ್ ಹೊಡೆದೆ. ಬಿರುಕಿಗೆ ಕಾರಣವೂ ಅಲ್ಲೇ ಇತ್ತು. ಸೀಟು ಚಾಸಿಯ ಮೇಲೆ ಊರಿಕೊಳ್ಳುವ ರಬ್ಬರ್ ಗುಬುಟುಗಳು ಕಲ್ಲಿನಂತೆ ಗಟ್ಟಿಯಾಗಿ ಸವೆದಿದ್ದರಿಂದ ಸವಾರನ ಭಾರವೆಲ್ಲ ತಟ್ಟೆಯ ಅಂಚಿನ ಮೇಲೆ ಬೀಳುತ್ತಿತ್ತು. ಅವನ್ನು ಬದಲಿಸದೆ ತಟ್ಟೆಯನ್ನಷ್ಟೇ ದುರಸ್ತಿ ಮಾಡಿದರೆ ಅದೇ ಜಾಗದ ಪಕ್ಕದಲ್ಲಿ ಮತ್ತೊಂದು ಬಿರುಕು ಹುಟ್ಟುತ್ತದೆ.

ಇನ್ನು ಫೋಮ್. ಸೀಟಿನಲ್ಲಿರುವುದು ಸಾಮಾನ್ಯವಾಗಿ ಅಚ್ಚಿನಲ್ಲಿ ಎರೆದ ಪಾಲಿಯುರೆಥೇನ್. ಅದರ ಸೂಕ್ಷ್ಮ ಕೋಶಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಕುಳಿತಾಗ ಗಾಳಿ ಹೊರಹೋಗಿ ಎದ್ದಾಗ ಮರಳಿ ತುಂಬುವುದು ಈ ರಚನೆಯಿಂದಲೇ, ಹರಿದ ಹೊಲಿಗೆಯ ಮೂಲಕ ಇಳಿದ ಮಳೆನೀರು ಒಳಗೆಲ್ಲ ಹರಡುವುದೂ ಇದರಿಂದಲೇ. ವರ್ಷಗಳ ಒತ್ತಡದಿಂದ ಕೋಶಗಳ ಗೋಡೆ ಕುಸಿಯುತ್ತದೆ, ತೇವ ಮತ್ತು ಶಾಖದಿಂದ ವಸ್ತುವೇ ಶಿಥಿಲವಾಗುತ್ತದೆ. ಬೆರಳಿಗೆ ಪುಡಿಯಾಗಿ ಅಂಟಿಕೊಳ್ಳುವ ಫೋಮನ್ನು ಒಣಗಿಸಿ ಉಳಿಸಲಾಗದು. ನನ್ನ ಸೀಟಿನಲ್ಲಿ ಅಂಚುಗಳು ಗಟ್ಟಿಯಾಗಿಯೇ ಇದ್ದು ನಡುಭಾಗವಷ್ಟೇ ಸತ್ತಿದ್ದುದರಿಂದ, ಫೋಮನ್ನು ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಕೂರಿಸಿದೆ.

ಹೊಸ ಫೋಮನ್ನು ಆರಿಸುವಾಗ ಸಾಂದ್ರತೆಯನ್ನೂ ಗಡಸುತನವನ್ನೂ ಒಂದೇ ಎಂದು ತಿಳಿಯುವವರು ಬಹಳ ಜನ. ಸಾಂದ್ರತೆ ಎಂದರೆ ಒಂದು ಘನ ಮೀಟರ್ ಫೋಮಿನಲ್ಲಿ ಎಷ್ಟು ಕಿಲೋ ವಸ್ತುವಿದೆ ಎಂಬ ಲೆಕ್ಕ. ಫೋಮ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಅದು. ಗಡಸುತನ ಬೇರೆ: ಸುಮಾರು 10 ಸೆಂ.ಮೀ. ದಪ್ಪದ ತುಂಡಿನ ಮೇಲೆ 20 ಸೆಂ.ಮೀ. ವ್ಯಾಸದ ದುಂಡು ತಟ್ಟೆಯನ್ನಿಟ್ಟು, ದಪ್ಪದ ಶೇ. 25ರಷ್ಟು ಅದುಮಲು ಬೇಕಾಗುವ ಬಲವನ್ನು ಅದರ ಅಳತೆಯಾಗಿ ಹೇಳುತ್ತಾರೆ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಇದೆ, ಕಡಿಮೆಯಿದ್ದೂ ಗಡಸಾಗಿರುವುದೂ ಇದೆ. ಅಂಗಡಿಯಲ್ಲಿ ಅಂಗೈಯಿಂದ ಒತ್ತಿದಾಗ ಹಿತವೆನ್ನಿಸುವ ಮೆತ್ತನೆಯ ಫೋಮ್ ದೂರದ ಸವಾರಿಗೆ ಕೆಲಸಕ್ಕೆ ಬಾರದು. ಒಂದು ಗಂಟೆಯೊಳಗೆ ಅದು ತಳಕ್ಕೆ ಇಳಿದುಬಿಡುತ್ತದೆ. ಚೂರು ಫೋಮುಗಳನ್ನು ಅಂಟಿಸಿ ಒತ್ತಿ ಮಾಡಿದ ರೀಬಾಂಡ್ ಫೋಮನ್ನು ಅಡಿಗೆ, ಬೇಗ ಪುಟಿದೇಳುವ ಎಚ್.ಆರ್. ಫೋಮನ್ನು ಅದರ ಮೇಲೆ, ಎಲ್ಲಕ್ಕಿಂತ ಮೇಲೆ ಜೋಡಣೆಯ ಗೆರೆಗಳು ಕಾಣದಂತೆ 10 ಮಿ.ಮೀ. ದಪ್ಪದ ಮೆತ್ತನೆಯ ಹಾಳೆಯನ್ನು ಹಾಕಿದೆ. ಜೆಲ್ ಹಾಕಿಸಿಕೊಳ್ಳುವವರು ಅನೇಕರಿದ್ದಾರೆ. ಬಿಸಿಲಿನಲ್ಲಿ ನಿಂತ ಬೈಕಿನ ಸೀಟಿನೊಳಗೆ ಜೆಲ್ ಶಾಖವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ ನನಗೆ ಅದು ಒಗ್ಗದು.

ಹೊಸ ತುಂಡು ಎಷ್ಟು ಅಗಲಕ್ಕೆ ಬೇಕು ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಗಟ್ಟಿ ಮಣೆಯ ಮೇಲೆ ರಟ್ಟಿನ ಪೆಟ್ಟಿಗೆಯ ಹಾಳೆಯೊಂದನ್ನಿಟ್ಟು, ಸವಾರಿಯಲ್ಲಿ ಕೂರುವ ಭಂಗಿಯಲ್ಲೇ ಕುಳಿತು ಎದ್ದರೆ, ದೇಹದ ಭಾರ ಹೊರುವ ಎರಡು ಎಲುಬುಗಳ ತಗ್ಗು ಅದರ ಮೇಲೆ ಮೂಡುತ್ತದೆ. ಆ ಎರಡೂ ತಗ್ಗುಗಳು ಗಟ್ಟಿ ಆಸರೆಯಿರುವ ಸಮತಟ್ಟಾದ ಜಾಗದೊಳಗೆ ಬರಬೇಕು. ಹಳೆಯ ಸೀಟುಗಳಲ್ಲಿ ನಡುಭಾಗ ಕುಸಿದು ಟ್ಯಾಂಕಿನ ಕಡೆಗೆ ಇಳಿಜಾರು ಉಂಟಾಗಿರುತ್ತದೆ. ಸವಾರ ಮುಂದಕ್ಕೆ ಜಾರುತ್ತಾನೆ, ಕೈಗಳಿಂದ ಹ್ಯಾಂಡಲ್ಲನ್ನು ತಳ್ಳಿ ಹಿಂದೆ ಸರಿಯುತ್ತಾನೆ, ಸಂಜೆಗೆ ಮಣಿಕಟ್ಟು ಮತ್ತು ಭುಜ ನೋಯುತ್ತವೆ. ಸೀಟಿನ ದೋಷವನ್ನು ಹ್ಯಾಂಡಲ್ಲಿನ ಮೇಲೆ ಹೊರಿಸಿ ಅದನ್ನು ಬದಲಿಸಲು ಹೋಗುವವರೂ ಇದ್ದಾರೆ. ನಾನು ಕೂರುವ ಜಾಗವನ್ನು ಹೆಚ್ಚುಕಡಿಮೆ ಸಮಮಟ್ಟಕ್ಕೆ ತಂದು, ಕಾಲು ನೆಲ ಮುಟ್ಟಲು ಅಡ್ಡಿಯಾಗದಂತೆ ಮುಂಭಾಗದ ಎರಡೂ ಬದಿಗಳನ್ನು ಸಪೂರ ಮಾಡಿದೆ. ಒರಟು ಕತ್ತರಿಕೆಗೆ ಉದ್ದನೆಯ ಹಲ್ಲಿನ ಚಾಕು ಸಾಕು. ನಯಗೊಳಿಸಲು 40ರ ದರ್ಜೆಯ ಮರಳು ಕಾಗದದ ತಟ್ಟೆ ಹಾಕಿದ ಗ್ರೈಂಡರನ್ನು ಹಗುರವಾಗಿ ಆಡಿಸಬೇಕು. ಹಾರುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುಖಗವಸು ಬೇಕೇ ಬೇಕು. ಅಂಟನ್ನು ಎರಡೂ ಮೈಗಳಿಗೆ ತೆಳುವಾಗಿ ಸಿಂಪಡಿಸಿ, ಕೈಗೆ ಹತ್ತದಷ್ಟು ಆರಿದ ಮೇಲೆ ಕೂಡಿಸಿದೆ. ಒಣಗಿದ ಅಂಟು ಗಟ್ಟಿ ಪದರವಾಗುವುದರಿಂದ ಎಲುಬು ಊರುವ ಜಾಗದ ನೇರಕ್ಕೆ ಅದನ್ನು ಹಾಕದೆ ಅಂಚುಗಳಲ್ಲಿ ಮಾತ್ರ ಬಳಸಿದೆ.

ಕವರ್ ಹೊಲಿಯುವ ಮೊದಲು ಸೀಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಸಡಿಲ ತುದಿ ಚಕ್ರಕ್ಕೆ ಸಿಗದಂತೆ ತಳದಲ್ಲಿ ಬಿಗಿಯಾಗಿ ಟೇಪ್ ಹಚ್ಚಿ, ದೂರದ ಸವಾರಿಗಳನ್ನೇ ಮಾಡಿ ಬಂದೆ. ಈ ಹಂತವನ್ನು ಯಾರೂ ಬಿಡಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಗ್ಯಾರೇಜಿನಲ್ಲಿ ನಿಂತ ಬೈಕಿನ ಮೇಲೆ ಕುಳಿತಾಗ ಎಲ್ಲ ಸೀಟುಗಳೂ ಚೆನ್ನಾಗಿಯೇ ಇರುತ್ತವೆ. ಎರಡನೆಯ ಗಂಟೆಯಲ್ಲಿ ತೊಡೆಯ ಒಳಬದಿಗೆ ಒತ್ತುವ ಅಂಚು ಯಾವುದೆಂದು ತಿಳಿದದ್ದು ಹೀಗೆ. ಹಿಂತಿರುಗಿ ಬಂದು ಅಲ್ಲಿ ಇನ್ನಷ್ಟು ಉಜ್ಜುವುದು ಸುಲಭ, ಕವರ್ ಬಿಗಿದ ಮೇಲೆ ಸುಲಭವಲ್ಲ.

ಕವರಿಗೆ ದೋಣಿಗಳ ಆಸನಕ್ಕೆ ಬಳಸುವ, ಬಿಸಿಲು ಮತ್ತು ಬೂಷ್ಟನ್ನು ತಡೆಯುವ, ಹಿಂಬದಿಯಲ್ಲಿ ಹಿಗ್ಗುವ ಬಟ್ಟೆಯಿರುವ ರೆಕ್ಸಿನ್ನನ್ನು ಆರಿಸಿದೆ. ಸಾಧಾರಣ ರೆಕ್ಸಿನ್ನಿನಲ್ಲಿ ಅದನ್ನು ಮೆದುವಾಗಿರಿಸುವ ಅಂಶ ಬಿಸಿಲಿಗೆ ಬೇಗ ಹೊರಟುಹೋಗಿ, ಮೈ ಬಿರುಸಾಗಿ ಒಡೆಯುತ್ತದೆ. ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಸೊರಗುತ್ತದೆ. ಪಾಲಿಯೆಸ್ಟರ್ ದಾರವೇ ಸರಿ. ಹೊಲಿಗೆಯ ನಡುವಿನ ಅಂತರ 4 ಮಿ.ಮೀ. ಇಟ್ಟೆ, ಅದಕ್ಕಿಂತ ತೀರ ಒತ್ತಾದರೆ ಸೂಜಿಯ ರಂಧ್ರಗಳೇ ರೆಕ್ಸಿನ್ನನ್ನು ಹರಿಯುವ ಗೆರೆಯಾಗುತ್ತವೆ. ಮೂಲ ಕವರಿನಲ್ಲಿ ಕೂರುವ ಜಾಗಕ್ಕೆ ಅಡ್ಡಲಾಗಿ ಅಲಂಕಾರದ ಹೊಲಿಗೆಗಳಿದ್ದವು. ನೀರು ಇಳಿಯುತ್ತಿದ್ದುದು ಅವುಗಳಿಂದಲೇ ಆದ್ದರಿಂದ ಅವನ್ನು ಕೈಬಿಟ್ಟು, ಹೊಲಿಗೆಗಳೆಲ್ಲ ಬದಿಗೆ ಬರುವಂತೆ ತುಂಡುಗಳನ್ನು ಕತ್ತರಿಸಿದೆ. ಸೀಟು ಮೊದಲಿನಂತೆ ಕಾಣುವುದಿಲ್ಲ ಎಂದು ಹಳೆಯ ಬೈಕಿನ ಅಭಿಮಾನಿಗಳು ಮುಖ ಸಿಂಡರಿಸಬಹುದು, ಆದರೆ ಒಣಗಿದ ಫೋಮ್ ನನಗೆ ಹೆಚ್ಚು ಮುಖ್ಯ.

ರೆಕ್ಸಿನ್ನನ್ನು ಬಿಸಿಲಿನಲ್ಲಿಟ್ಟು ಮೆದುವಾಗಿಸಿ, ಮೊದಲು ಮುಂಭಾಗದ ನಡುವೆ, ಅನಂತರ ಹಿಂಭಾಗದ ನಡುವೆ, ಆಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ಎಳೆಯುತ್ತ ಪಿನ್ ಹೊಡೆದೆ. ಒಂದೇ ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಕವರ್ ಓರೆಯಾಗುತ್ತದೆ. ಪಿನ್ನುಗಳು ಸ್ಟೇನ್‌ಲೆಸ್ ಉಕ್ಕಿನವು, ಕಾಲಿನ ಉದ್ದ 6 ಮಿ.ಮೀ.; ಗಟ್ಟಿ ಪ್ಲಾಸ್ಟಿಕ್ಕಿಗೆ ಕೈ ಸ್ಟೇಪ್ಲರ್ ಸಾಲದೆಂದು ಗಾಳಿಯೊತ್ತಡದ ಗನ್ ಬಳಸಿದೆ. ಉಕ್ಕಿನ ತಟ್ಟೆಯಾದರೆ ಪಿನ್ನಿಗೆ ಬದಲಾಗಿ ಅಂಚಿನಲ್ಲಿ ಬಾಗಿದ ಹಲ್ಲುಗಳಿರುವುದುಂಟು, ಕವರನ್ನು ಅವುಗಳಿಗೇ ಸಿಕ್ಕಿಸಬೇಕು.

ಸೀಟನ್ನು ಮರಳಿ ಕೂರಿಸುವಾಗ ಹೊಸ ರಬ್ಬರ್ ಗುಬುಟುಗಳಿಂದಾಗಿ ಅದು ಸ್ವಲ್ಪ ಎತ್ತರಕ್ಕೆ ನಿಂತು ಬೀಗ ಸಲೀಸಾಗಿ ಬೀಳಲಿಲ್ಲ. ಬಲವಂತವಾಗಿ ಒತ್ತಿದರೆ ರಿವೆಟ್ ಹೊಡೆದ ಜಾಗಕ್ಕೇ ಒತ್ತಡ ಬೀಳುವುದರಿಂದ, ಬೀಗದ ಕೊಕ್ಕೆಯ ಬೋಲ್ಟುಗಳನ್ನು ಸಡಿಲಿಸಿ ತುಸು ಮೇಲಕ್ಕೆ ಸರಿಸಿ ಬಿಗಿದೆ.