ಮಂಜು, ಮಳೆ, ಸಿಡಿಲಿನ ನಡುವೆ ಗುಡ್ಡದ ಓರಿಯಂಟೀರಿಂಗ್ ನಡೆಸುವುದು ಹೇಗೆ?

ಬಾಬಾಬುಡನ್‌ಗಿರಿ ಸಾಲಿನಂಥ ಹುಲ್ಲುಗುಡ್ಡಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಕಂಡ ಆಕಾಶ ಹನ್ನೊಂದಕ್ಕೆ ಹಾಗೇ ಇರುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ಇಲ್ಲಿ ಓರಿಯಂಟೀರಿಂಗ್ (ಮ್ಯಾಪು, ದಿಕ್ಸೂಚಿ ಹಿಡಿದು ಗೊತ್ತುಮಾಡಿದ ಜಾಗಗಳನ್ನು ಹುಡುಕುತ್ತ ಓಡುವ ಸ್ಪರ್ಧೆ) ನಡೆಸುವವರು ‘ಆ ದಿನ ನೋಡಿಕೊಂಡರಾಯಿತು’ ಎಂದು ಏನನ್ನೂ ಬಿಟ್ಟುಕೊಳ್ಳಬಾರದು. ಕೋರ್ಸನ್ನು, ಅಂದರೆ ಓಟದ ದಾರಿಯನ್ನು, ಎಲ್ಲಿ ಮೊಟಕು ಮಾಡಬಹುದು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ನಿಲ್ಲಿಸುವ ಮಾತು ಯಾರದು ಎಂಬುದು ಮ್ಯಾಪ್ ಪ್ರಿಂಟಿಗೆ ಹೋಗುವ ಮೊದಲೇ ತೀರ್ಮಾನವಾಗಿರಬೇಕು.

ಮೊದಲು ದಿನಾಂಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಏಪ್ರಿಲ್–ಮೇನಲ್ಲೂ ಅಕ್ಟೋಬರ್–ನವೆಂಬರ್‌ನಲ್ಲೂ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಏಳಕ್ಕೇ ಸ್ಟಾರ್ಟ್ ಕೊಟ್ಟು, ಮಧ್ಯಾಹ್ನ ಒಂದರೊಳಗೆ ಎಲ್ಲರೂ ಕೆಳಗಿರುವಂತೆ ಹೊಂದಿಸಿ. ಡಿಸೆಂಬರ್–ಜನವರಿಯಲ್ಲಿ ಮಳೆ ಕಡಿಮೆ, ಆದರೆ ಬೆಳಗಿನ ಮಂಜು ದಟ್ಟ; ಕಾಡಂಚಿನಲ್ಲಿ ಉಣ್ಣೆಹುಳದ ಕಾಟವೂ ಮಂಗನ ಕಾಯಿಲೆಯ ಭಯವೂ ಅದೇ ಹೊತ್ತಿಗೆ ಶುರುವಾಗುತ್ತವೆ. ಬೇಸಿಗೆ ಏರಿದಂತೆ ಕಾಡ್ಗಿಚ್ಚಿನ ಕಾರಣಕ್ಕೆ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದುಂಟು. ಇಲಾಖೆಯ ಅನುಮತಿ, ತೋಟದ ಮಾಲೀಕರ ಒಪ್ಪಿಗೆ ಎರಡೂ ಬರವಣಿಗೆಯಲ್ಲಿರಲಿ. ಹತ್ತಿರದ ಠಾಣೆಗೂ ಆಸ್ಪತ್ರೆಗೂ ತಿಳಿಸಿರಿ.

ಮ್ಯಾಪಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಅಂತರ 20 ಮೀಟರ್. ಜಾಗ ಹುಡುಕಲು ಸಾಕು, ಓಡಲು ಸಾಲದು. ಸ್ಪರ್ಧೆಗೆ 1:10,000 ಅಳತೆಯ, 5 ಮೀಟರ್ ಅಂತರದ ಮ್ಯಾಪ್ ಬೇಕು. ಉಪಗ್ರಹದ ರೇಡಾರ್ ದತ್ತಾಂಶದಿಂದ ತೆಗೆದ ಗೆರೆಗಳನ್ನು ಹಾಗೇ ನಂಬಬೇಡಿ. ನಮ್ಮ ಗುಡ್ಡಗಳಲ್ಲಿ ಶೋಲಾ ಕಾಡು ಬೆಳೆಯುವುದು ಕಣಿವೆಯ ಮಡಿಲಲ್ಲಿ. ರೇಡಾರ್ ಅಳೆಯುವುದು ಬಹುಪಾಲು ಮರಗಳ ನೆತ್ತಿಯನ್ನು, ನೆಲವನ್ನಲ್ಲ. ಹೀಗಾಗಿ ಆಳವಾದ ಹಳ್ಳವೊಂದು ಮ್ಯಾಪಿನಲ್ಲಿ ಹತ್ತಾರು ಮೀಟರ್ ತುಂಬಿಕೊಂಡು ಸಲೀಸು ಇಳಿಜಾರಿನಂತೆ ಕಾಣುತ್ತದೆ. ಮಂಜಿನಲ್ಲಿ ಅದನ್ನೇ ನೆಚ್ಚಿ ಹೊರಟವನು ಧರೆಯಂಚಿಗೆ ಬಂದು ನಿಲ್ಲುತ್ತಾನೆ. ಪ್ರತಿ ಶೋಲಾದ ಅಂಚನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ತಿದ್ದಿ. ಪ್ರಿಂಟ್ ಲೇಸರ್‌ನದೇ ಆಗಿರಲಿ, ಇಂಕ್‌ಜೆಟ್ ಬಣ್ಣ ಒಂದೇ ಮಳೆಗೆ ಹರಡಿಹೋಗುತ್ತದೆ. ಮೇಲೊಂದು ಜಿಪ್ ಕವರ್ ಕೊಡಿ.

ಓಡುವವರು ಮುಟ್ಟಬೇಕಾದ, ಬಾವುಟ ಕಟ್ಟಿದ ಜಾಗಗಳೇ ಕಂಟ್ರೋಲ್. ಕೋರ್ಸ್ ಹಾಕುವಾಗ ಎತ್ತರದ ಕಂಟ್ರೋಲ್‌ಗಳು ಮೊದಲರ್ಧದಲ್ಲೇ ಮುಗಿಯಬೇಕು. ಗುಡುಗು ಶುರುವಾಗುವ ಹೊತ್ತಿಗೆ ಯಾರೂ ಗುಡ್ಡದ ಏಣಿನ ಮೇಲೆ, ಅಂದರೆ ನೆತ್ತಿಯ ಸಾಲಿನಲ್ಲಿ, ಇರಬಾರದು. ಕಂಟ್ರೋಲ್‌ಗೆ ಒಂಟಿ ಬಂಡೆ, ಕಟ್ಟೆಯ ಮೂಲೆ, ಹಳ್ಳ ಕೂಡುವ ಜಾಗದಂಥ ಸ್ಪಷ್ಟ ಗುರುತು ಆರಿಸಿ. ಬಯಲು ಇಳಿಜಾರಿನ ನಡುವೆ ಇಟ್ಟ 30 ಸೆಂಟಿಮೀಟರ್ ಬಾವುಟ ದಟ್ಟ ಮಂಜಿನಲ್ಲಿ ಹತ್ತು ಹೆಜ್ಜೆ ದೂರಕ್ಕೂ ಕಾಣುವುದಿಲ್ಲ. ಹುಡುಕಾಟ ಅದೃಷ್ಟದ ಆಟವಾಗುತ್ತದೆ. ಮಳೆ ಬಂದರೆ ಉಕ್ಕುವ ಹಳ್ಳವನ್ನು ದಾಟಿಸಲೇಬೇಡಿ, ದಾಟಿಸಲೇಬೇಕಾದರೆ ಕಾಲುಸಂಕ ಅಥವಾ ಸೇತುವೆ ಇರುವಲ್ಲಿ ಮಾತ್ರ. 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಸೇರಿಸಿ ಲೆಕ್ಕ ಹಾಕಿ: 250 ಮೀಟರ್ ಏರಿರುವ 5 ಕಿ.ಮೀ. ಕೋರ್ಸ್ ಓಡುವವನಿಗೆ ಏಳೂವರೆ ಕಿಲೋಮೀಟರ್. ಅಕ್ಟೋಬರ್‌ನಲ್ಲಿ ಸೊಂಟದೆತ್ತರದ ಹುಲ್ಲು ಗುಂಡಿ, ಕಲ್ಲು ಎಲ್ಲವನ್ನೂ ಮುಚ್ಚಿರುತ್ತದೆ, ಅದಕ್ಕೂ ಸಮಯ ಬಿಡಿ.

ಎಷ್ಟಾದರೆ ಅಷ್ಟು ಕಂಟ್ರೋಲ್ ಹುಡುಕುವ ಸ್ಕೋರ್ ಪಂದ್ಯ ಹವಾಮಾನಕ್ಕೆ ಹೊಂದುತ್ತದೆ ಎನ್ನುವವರಿದ್ದಾರೆ. ಯಾವಾಗ ಬೇಕಾದರೂ ಹಿಂದಿರುಗಬಹುದಲ್ಲ ಎಂಬುದು ಅವರ ವಾದ. ಅದು ನಿಜವೇ. ಆದರೆ ಒಬ್ಬರು ಕಾಣೆಯಾದರೆ ಗುಡ್ಡವಿಡೀ ಹುಡುಕಬೇಕಾಗುತ್ತದೆ. ಒಂದರ ನಂತರ ಒಂದು ಕಂಟ್ರೋಲ್ ಇರುವ ಕೋರ್ಸೇ ಇಲ್ಲಿ ಸರಿ. ನಡುಮಧ್ಯದಲ್ಲಿ ಜೀಪ್ ಹೋಗುವ ಜಾಗದಲ್ಲಿ ಒಂದು ಕಂಟ್ರೋಲ್ ಇಟ್ಟು ಇಬ್ಬರನ್ನು ಕೂರಿಸಿ. ಬಂದವರ ನಂಬರ್, ವೇಳೆ ಅವರು ಬರೆದುಕೊಳ್ಳಲಿ. ಹವೆ ಕೆಟ್ಟರೆ ಅಲ್ಲಿಂದಲೇ ಎಲ್ಲರನ್ನೂ ಕೆಳಗಿನ ರಸ್ತೆಗೆ ತಿರುಗಿಸಿ, ಅಲ್ಲಿಯವರೆಗಿನ ವೇಳೆಗೇ ಫಲಿತಾಂಶ ಕೊಡಿ. ಈ ನಿಯಮ ಆಮಂತ್ರಣದಲ್ಲೇ ಇದ್ದರೆ ಆಮೇಲೆ ತಕರಾರು ಬರುವುದಿಲ್ಲ.

ಸಿಡಿಲಿನ ಎಚ್ಚರಿಕೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ‘ಸಿಡಿಲು’, ಕೇಂದ್ರ ಸರ್ಕಾರದ ‘ದಾಮಿನಿ’ ಆ್ಯಪ್‌ಗಳಿವೆ. ಸಿಗ್ನಲ್ ಸಿಗುವ ಜಾಗದಲ್ಲಿ ಒಬ್ಬರನ್ನು ಅದೊಂದೇ ಕೆಲಸಕ್ಕೆ ಕೂರಿಸಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಸ್ಟಾರ್ಟ್ ನಿಲ್ಲಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಮಂಜಿದ್ದರೆ ಮಿಂಚು ಕಾಣುವುದೇ ಇಲ್ಲ; ಆಗ ಗುಡುಗು ಕೇಳಿಸಿದರೆ ಅದೇ ಸಾಕು. ಮೇಲಿರುವವರಿಗೆ ಹಾರ್ನ್ ಹೊಡೆದು ತಿಳಿಸುತ್ತೇವೆ ಎಂದು ಕೂರಬೇಡಿ, ಗಾಳಿಗೆ ಅದು ಒಂದು ಏಣು ದಾಟಿ ಕೇಳಿಸುವುದಿಲ್ಲ. ಅವರೇ ತೀರ್ಮಾನಿಸುವಂತೆ ಮ್ಯಾಪಿನ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ: ‘ಗುಡುಗು ಕೇಳಿದರೆ ಕಂಟ್ರೋಲ್ ಬಿಡಿ, ಪಶ್ಚಿಮಕ್ಕೆ ಇಳಿಯಿರಿ, ಡಾಂಬರು ರಸ್ತೆ ಸಿಗುತ್ತದೆ, ಎಡಕ್ಕೆ ನಡೆಯಿರಿ.’ ದಿಕ್ಕು ನಿಮ್ಮ ಗುಡ್ಡಕ್ಕೆ ತಕ್ಕಂತೆ ಇರಲಿ. ಆ ಇಳಿಜಾರಿನಲ್ಲಿ ಬಂಡೆಯಾಗಲಿ ಹಳ್ಳವಾಗಲಿ ಅಡ್ಡ ಬರುವುದಿಲ್ಲ ಎಂದು ನಡೆದೇ ನೋಡಿರಬೇಕು. ಹಾಗೆ ಇಳಿಯುವ ದಾರಿಯಿಲ್ಲದ ಗುಡ್ಡವನ್ನು ಕೈಬಿಡಿ.

ಫಿನಿಶ್ ಕೆಳಗೆ, ಶಾಲೆ ಅಥವಾ ತೋಟದ ಗೋದಾಮಿನ ಬಳಿ ಇರಲಿ. ಕಬ್ಬಿಣದ ಕಂಬದ ಶಾಮಿಯಾನ ಸಿಡಿಲಿಗೆ ಆಸರೆಯಲ್ಲ. ಒದ್ದೆಯಾದವರು ಓಡುವಷ್ಟು ಹೊತ್ತು ಬೆಚ್ಚಗಿರುತ್ತಾರೆ, ನಿಂತ ಮೇಲೆ ನಡುಕ ಹಿಡಿಯುತ್ತದೆ. ಮಾತು ತೊದಲಿದರೆ ತಡಮಾಡದೆ ಒಣ ಬಟ್ಟೆ, ಕಂಬಳಿ, ಸಕ್ಕರೆ ಹೆಚ್ಚಿಗೆ ಹಾಕಿದ ಬಿಸಿ ಚಹಾ ಕೊಟ್ಟು ಒಳಗೆ ಕೂರಿಸಿ, ಆಸ್ಪತ್ರೆಗೆ ಗಾಡಿ ಸಿದ್ಧಮಾಡಿ. ಸ್ಟಾರ್ಟ್‌ನಲ್ಲಿ ಪ್ರತಿಯೊಬ್ಬರ ವಿಂಡ್‌ಚೀಟರ್ ನೋಡಿ, ಸೀಟಿ ಊದಿಸಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಸಹಾಯ ಬೇಕು ಎಂದರ್ಥ. ಉತ್ತರಕ್ಕೆ ಮೂರು ಸಲ.

ಲೆಕ್ಕ ತಪ್ಪುವುದು ಹೆಚ್ಚಾಗಿ ಅರ್ಧಕ್ಕೇ ಬಿಟ್ಟು ಸೀದಾ ಮನೆಗೆ ಹೋದವರಿಂದ. ಬಿಟ್ಟವರೂ ಫಿನಿಶ್‌ಗೆ ಬಂದು ನಂಬರ್ ಒಪ್ಪಿಸಿಯೇ ಹೋಗಬೇಕು. ಹೊರಟವರ ಪಟ್ಟಿ, ಬಂದವರ ಪಟ್ಟಿ ಬೇರೆಬೇರೆಯವರು ಬರೆದು ಅರ್ಧ ಗಂಟೆಗೊಮ್ಮೆ ತಾಳೆ ನೋಡಲಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಹಸಿ ಕಾಗದದ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ. ಕೋರ್ಸ್ ಮುಚ್ಚುವ ವೇಳೆ ದಾಟಿಯೂ ಒಬ್ಬರು ಬರದಿದ್ದರೆ ಮೊದಲು ಅವರ ಗಾಡಿ, ಬ್ಯಾಗು ಇದೆಯೇ ನೋಡಿ. ಆಮೇಲೆ ರಸ್ತೆಯುದ್ದಕ್ಕೂ ಒಂದು ಜೀಪ್ ಕಳಿಸಿ. ಅದಾದ ಮೇಲೆ ಕೊನೆಯದಾಗಿ ಕಂಡ ಕಂಟ್ರೋಲಿನಿಂದ ಇಬ್ಬಿಬ್ಬರ ತಂಡ ಹೊರಡಲಿ. ಒಂಟಿಯಾಗಿ ಯಾರನ್ನೂ ಕಳಿಸಬೇಡಿ. ಕತ್ತಲಾಗಲು ಎರಡು ಗಂಟೆ ಉಳಿದಿರುವಾಗಲೇ ಪೊಲೀಸರಿಗೂ ಅರಣ್ಯ ಸಿಬ್ಬಂದಿಗೂ ಹೇಳಿಬಿಡಿ.

ಬಾವುಟಗಳನ್ನು ಹಿಂದಿನ ದಿನ ಕಟ್ಟಿದ್ದರೆ ಬೆಳಿಗ್ಗೆ ಮತ್ತೊಮ್ಮೆ ಸುತ್ತಿ ಬನ್ನಿ. ಮಂಗಗಳು ಕಿತ್ತಿರುತ್ತವೆ, ದನಗಳು ಜಗಿದಿರುತ್ತವೆ. ಸ್ಪರ್ಧೆ ಮುಗಿದ ಮೇಲೆ ಮಂಜು ಕವಿದಿದ್ದರೆ ಏಣಿನ ಮೇಲಿನವನ್ನು ತರಲು ಹುಡುಗರನ್ನು ಹತ್ತಿಸಬೇಡಿ. ಮರುದಿನ ಬೆಳಿಗ್ಗೆ ಎಣಿಸಿ ತಂದರಾಯಿತು.