ಸೋತ ಆಟಗಳಿಂದ ಆನ್‌ಲೈನ್ ಚೆಸ್ ಸುಧಾರಿಸಿಕೊಳ್ಳುವುದು ಹೇಗೆ?

ಮೊದಲು 3 ನಿಮಿಷದ ಬ್ಲಿಟ್ಜ್ (ಅತಿವೇಗದ ಆಟ) ಬಿಟ್ಟು, ಪ್ರತಿ ನಡೆಗೆ 10 ಸೆಕೆಂಡ್ ಸೇರುವ 15 ನಿಮಿಷದ ಆಟಕ್ಕೆ ಬನ್ನಿ. ಬ್ಲಿಟ್ಜ್‌ನಲ್ಲಿ ಕೈ ಅಭ್ಯಾಸಬಲದಿಂದ ಓಡುತ್ತದೆ, ತಪ್ಪುಗಳೂ ಹಾಗೇ ಗಟ್ಟಿಯಾಗುತ್ತವೆ.

ಈಚೆಗೆ ಸೋತ 20 ಆಟಗಳನ್ನು ತೆಗೆಯಿರಿ. ಎಂಜಿನ್ (ನಡೆಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಆಮೇಲೆ. ಆಟ ಕೈತಪ್ಪಿದ ನಡೆಯನ್ನು ನೀವೇ ಹುಡುಕಿ ಕಾರಣ ಬರೆದಿಡಿ: ಕಾಯಿ ಪುಕ್ಕಟೆ ಹೋಯಿತೇ, ಬೆದರಿಕೆ ಕಾಣಲಿಲ್ಲವೇ, ಸಮಯ ಮುಗಿಯಿತೇ? ಎಂಜಿನ್ ಸರಿಯಾದ ನಡೆ ತೋರಿಸುತ್ತದೆ. ಅದು ನಿಮಗೇಕೆ ಹೊಳೆಯಲಿಲ್ಲ ಎಂದು ಹೇಳುವುದಿಲ್ಲ.

ಇದನ್ನು ನೋಡಿ (ಅಕ್ಷರ-ಅಂಕೆ ಎಂದರೆ ಕಾಯಿ ಹೋಗುವ ಮನೆ, ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್; ಪ್ರತಿ ಸಂಖ್ಯೆಯಲ್ಲಿ ಮೊದಲು ಬಿಳಿಯ ನಡೆ, ನಂತರ ಕಪ್ಪಿನದು): 1.ಇ4 ಇ5 2.ಬಿಷಪ್ ಸಿ4 ಕುದುರೆ ಸಿ6 3.ರಾಣಿ ಎಚ್5. ರಾಣಿಯನ್ನು ಓಡಿಸುವ ಆತುರದಲ್ಲಿ ಕಪ್ಪಿನವರು ಕುದುರೆಯನ್ನು ಎಫ್6ಕ್ಕೆ ತಂದರೆ, ರಾಣಿ ಎಫ್7ರ ಪಾನ್ ಹೊಡೆದು ಅಲ್ಲೇ ಚೆಕ್‌ಮೇಟ್. ಮೊದಲು ಜಿ6 ಆಡಬೇಕು. ರಾಣಿ ಎಫ್3ಕ್ಕೆ ಸರಿದು ಮತ್ತೆ ಎಫ್7ರ ಮೇಲೆ ಕಣ್ಣಿಟ್ಟಾಗ ಅದೇ ಕುದುರೆ ಎಫ್6ಕ್ಕೆ ಬರಲಿ. ಕುದುರೆಯ ನಡೆ ಅದೇ, ಆಡುವ ಹೊತ್ತು ಮಾತ್ರ ಬೇರೆ!

ಹಾಗಾಗಿ ಕಾಯಿ ಮುಟ್ಟುವ ಮುನ್ನ ಎದುರಾಳಿ ಕೊಡಬಹುದಾದ ಚೆಕ್, ಹೊಡೆಯಬಹುದಾದ ಕಾಯಿ, ಹೊಸ ಬೆದರಿಕೆ, ಈ ಮೂರನ್ನೂ ನೋಡಿ. ಆರಂಭದ ನಡೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮುಖ್ಯ.

ದಿನಕ್ಕೆ 15 ನಿಮಿಷ ಪಜಲ್ ಬಿಡಿಸಿ, ಕೊನೆಯ ನಡೆಯವರೆಗೂ ಮನಸ್ಸಿನಲ್ಲೇ ಕಂಡ ಮೇಲಷ್ಟೇ ಕಾಯಿ ಸರಿಸಿ. ಸತತ ಎರಡು ಆಟ ಸೋತರೆ ಅಂದಿಗೆ ನಿಲ್ಲಿಸಿ.